ಮೂರು ಕುರ್ಚಿ, ಮೂರು ಮೇಲ್: ಕೆಲಸದ ಇಮೇಲ್ ಬೇರ್ಪಡಿಸಿ ಕಾಪಾಡಿಡುವ ಸಮಗ್ರ ಮಾರ್ಗದರ್ಶಿ

ಹಳೆಯ ಕಾಲೇಜು ಬಿಟ್ಟ ಮರುದಿನ ಬೆಳಿಗ್ಗೆ ಅಲ್ಲಿನ ಮೇಲ್ ತೆರೆಯಲು ಕೂತೆ. ಅಂಥ ಖಾತೆಯೇ ಇಲ್ಲ ಎಂದಿತು. ಐದು ವರ್ಷದ ಪತ್ರವ್ಯವಹಾರ ಅದರಲ್ಲಿತ್ತು. ಎರಡು ಸಂಶೋಧನಾ ಲೇಖನಗಳ ಒಪ್ಪಿಗೆ ಪತ್ರ, ಪರೀಕ್ಷಾ ಕೆಲಸದ ಆದೇಶಗಳು, ಕಾರ್ಯಾಗಾರಗಳ ಆಹ್ವಾನ, ಎಲ್ಲ. ಮುಂದೆ ಬಡ್ತಿಯ ಅರ್ಜಿ ತುಂಬುವಾಗ ಬೇಕಾದದ್ದು ಅವೇ. ಪತ್ರಿಕೆಯ ಸಂಪಾದಕರಿಗೆ ಬರೆದು ಒಂದನ್ನು ತರಿಸಿಕೊಂಡೆ. ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ. ಬೈಯೋಣ ಅಂದರೆ ತಪ್ಪು ಅವರದ್ದಲ್ಲ. ಖಾತೆ ಕಾಲೇಜಿನದು. ನಾನು ಎದ್ದೆ, ಅವರು ಮುಚ್ಚಿದರು, ಅಷ್ಟೆ.

ಅವತ್ತು ತಲೆಗೆ ಹೋದ ಮಾತು ಇದು: ಕೆಲಸದ ಮೇಲ್ ನಮ್ಮದಲ್ಲ, ನಾವು ಕೂತ ಕುರ್ಚಿಯದು. ಕುರ್ಚಿ ಬಿಟ್ಟರೆ ಮೇಲ್ ಅಲ್ಲೇ ಉಳಿಯುತ್ತದೆ. ಉಳಿಯಲೂಬೇಕು. ಈಗ ನನಗೆ ಮೂರು ಕುರ್ಚಿಗಳಿವೆ. ಬಾಗಲಕೋಟೆಯ ನವನಗರದಲ್ಲಿ ಮನೆ. ಹಗಲು ಸಿವಿಲ್ ಎಂಜಿನಿಯರಿಂಗ್ ಪಾಠ. ಸಂಜೆ, ಕಾಲೇಜಿನ ಒಪ್ಪಿಗೆ ಪಡೆದು, ಮನೆ ನಕ್ಷೆ ಮತ್ತು ಬ್ಯಾಂಕ್ ಸಾಲದ ವ್ಯಾಲ್ಯುಯೇಶನ್ ಕೆಲಸ, ಅಂದರೆ ಸಾಲಕ್ಕಾಗಿ ಮನೆಯ ಬೆಲೆ ಕಟ್ಟಿ ವರದಿ ಕೊಡುವುದು. ಇದರ ಜೊತೆಗೆ ಒಂದು ಪತ್ತಿನ ಸೌಹಾರ್ದ ಸಹಕಾರಿಯ ಗೌರವ ಕಾರ್ಯದರ್ಶಿ. ನಮ್ಮ ಕಡೆ ಇದೇನೂ ವಿಶೇಷವಲ್ಲ. ಬೆಳಗಾವಿಯಲ್ಲಿ ವಕೀಲಿ ಮಾಡುತ್ತಾ ಕಾನೂನು ಕಾಲೇಜಿನಲ್ಲಿ ಪಾಠ ಹೇಳುವವರಿದ್ದಾರೆ. ವಿಜಯಪುರದಲ್ಲಿ ಆಸ್ಪತ್ರೆ, ದ್ರಾಕ್ಷಿ ತೋಟ, ಟ್ರಸ್ಟ್ ಮೂರನ್ನೂ ನೋಡಿಕೊಳ್ಳುವ ಡಾಕ್ಟರಿದ್ದಾರೆ. ಇಂಥವರ ಫೋನಿನಲ್ಲಿ ಎಲ್ಲ ಮೇಲೂ ಒಂದೇ ರಾಶಿ. ಆ ರಾಶಿಯನ್ನು ತೂರಿ, ಬೇರ್ಪಡಿಸಿ, ಚೀಲ ಕಟ್ಟುವ ಕೆಲಸ ಹೇಗೆ ಎಂದು ಹೇಳುತ್ತೇನೆ. ಮೂರು ಭಾನುವಾರ ಬೇಕು. ಒಂದೇ ದಿನದಲ್ಲಿ ಮಾಡಲು ಹೋಗಬೇಡಿ, ಮಧ್ಯದಲ್ಲೇ ಬೇಸರ ಬಂದು ಬಿಡುತ್ತೀರಿ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಕುರ್ಚಿಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಈ ಕೆಲಸದ ಮೇಲ್ ಈಗ ಯಾವ ವಿಳಾಸಕ್ಕೆ ಬರುತ್ತಿದೆ? ಆ ಖಾತೆಯ ಯಜಮಾನ ಯಾರು, ನಾನೋ ಸಂಸ್ಥೆಯೋ? ನಾಳೆ ನಾನು ಈ ಕುರ್ಚಿ ಬಿಟ್ಟರೆ ಈ ಮೇಲ್ ಯಾರಿಗೆ ಬೇಕು?

ಮೂರನೇ ಪ್ರಶ್ನೆಯೇ ಮುಖ್ಯ. ನನ್ನ ಹಾಳೆಯಲ್ಲಿ ಕಾಲೇಜಿನ ಮುಂದೆ ‘ಮುಂದಿನ ವಿಭಾಗ ಮುಖ್ಯಸ್ಥರಿಗೆ, ನ್ಯಾಕ್ ಫೈಲಿಗೆ, ಸ್ವಲ್ಪ ನನಗೆ’ ಎಂದು ಬಂತು. (ನ್ಯಾಕ್ ಎಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ.) ವ್ಯಾಲ್ಯುಯೇಶನ್ ಮುಂದೆ ‘ನನಗೆ, ನನ್ನ ಸಿಎಗೆ’. ಸೊಸೈಟಿ ಮುಂದೆ ‘ಮುಂದಿನ ಕಾರ್ಯದರ್ಶಿಗೆ, ಪೂರ್ತಿ’. ಹೀಗೆ ಬರೆದ ಮೇಲೆ ಗೊತ್ತಾಯಿತು: ಸೊಸೈಟಿಯ ಮುಕ್ಕಾಲು ಪತ್ರವ್ಯವಹಾರ ನನ್ನ ಸ್ವಂತ ಜಿಮೇಲಿನಲ್ಲಿ, ಮಗಳ ಶಾಲೆಯ ನೋಟಿಸಿನ ಪಕ್ಕದಲ್ಲಿ ಕೂತಿತ್ತು.

ಒಂದು ಕುರ್ಚಿಗೆ ಒಂದು ವಿಳಾಸ

ಎಲ್ಲವನ್ನೂ ಒಂದೇ ಡಬ್ಬಿಗೆ ಫಾರ್ವರ್ಡ್ ಮಾಡಿಕೊಂಡರೆ ಸುಲಭ ಎಂದು ಬಹಳ ಜನ ಹೇಳುತ್ತಾರೆ. ನಾನೂ ಮಾಡಿದ್ದೆ. ಒಂದು ದಿನ ಬ್ಯಾಂಕಿಗೆ ಹೋಗಬೇಕಾದ ವ್ಯಾಲ್ಯುಯೇಶನ್ ವರದಿ ಕಾಲೇಜಿನ ವಿಳಾಸದಿಂದ, ಕಾಲೇಜಿನ ಸಹಿಯೊಂದಿಗೆ ಹೋಯಿತು. ಬ್ಯಾಂಕಿನವರು ನಕ್ಕು ಸುಮ್ಮನಾದರು. ಪ್ರಾಂಶುಪಾಲರು ನಗಲಿಲ್ಲ. ಆದ್ದರಿಂದ ನನ್ನ ಸಲಹೆ ಒಂದೇ: ಬೇರೆ ಬೇರೆ ಖಾತೆ, ಬೇರೆ ಬೇರೆ ಬಾಗಿಲು.

ಕಂಪ್ಯೂಟರಿನಲ್ಲಿ ಕ್ರೋಮ್ ಬ್ರೌಸರ್ ಇದ್ದರೆ ಪ್ರತಿ ಕೆಲಸಕ್ಕೂ ಒಂದೊಂದು ಪ್ರೊಫೈಲ್ ಮಾಡಿ. ಬಲಗಡೆ ಮೇಲಿರುವ ನಿಮ್ಮ ಫೋಟೋ ಒತ್ತಿದರೆ ಹೊಸ ಪ್ರೊಫೈಲ್ ಸೇರಿಸುವ ಆಯ್ಕೆ ಸಿಗುತ್ತದೆ. ಪ್ರತಿಯೊಂದಕ್ಕೂ ಬೇರೆ ಬಣ್ಣ ಕೊಡಿ. ನನ್ನ ಕಾಲೇಜು ನೀಲಿ, ವ್ಯಾಲ್ಯುಯೇಶನ್ ಹಸಿರು, ಸೊಸೈಟಿ ಕೆಂಪು. ಕಿಟಕಿಯ ಬಣ್ಣ ನೋಡಿದ ಕೂಡಲೇ ಯಾವ ಕುರ್ಚಿಯಲ್ಲಿ ಕೂತಿದ್ದೇನೆ ಎಂದು ಗೊತ್ತಾಗುತ್ತದೆ. ಪ್ರತಿ ಖಾತೆಯಲ್ಲೂ ಬೇರೆ ಸಹಿ ಹಾಕಿಡಿ. ಜಿಮೇಲ್ ಸೆಟ್ಟಿಂಗಿನಲ್ಲಿ, ಕಳಿಸಿದ ಮೇಲನ್ನು ಹಿಂದಕ್ಕೆ ಎಳೆದುಕೊಳ್ಳುವ ‘ಅನ್‌ಡು ಸೆಂಡ್’ ಸಮಯವನ್ನು 30 ಸೆಕೆಂಡಿಗೆ ಏರಿಸಿ. ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ. ಆದರೆ ಆ ಅರ್ಧ ನಿಮಿಷ ನನ್ನನ್ನು ನಾಲ್ಕು ಸಲವಾದರೂ ಉಳಿಸಿದೆ. ಫೋನಿನಲ್ಲಿ ಮೂರೂ ಖಾತೆ ಇರಲಿ, ಆದರೆ ಗಂಟೆ ಬಾರಿಸುವುದು ಒಂದೇ ಇರಲಿ. ಉಳಿದ ಎರಡರ ನೋಟಿಫಿಕೇಶನ್ ಆಫ್.

ಸಂಘ, ಟ್ರಸ್ಟ್, ಸೊಸೈಟಿಯ ಖಾತೆ ಯಾವತ್ತೂ ಹುದ್ದೆಯ ಹೆಸರಿನಲ್ಲಿರಬೇಕು, ಮನುಷ್ಯನ ಹೆಸರಿನಲ್ಲಿ ಅಲ್ಲ. ‘ಕಾರ್ಯದರ್ಶಿ’ ಎಂಬ ವಿಳಾಸ ಮಾಡಿದರೆ ಕಾರ್ಯದರ್ಶಿ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಸಂಸ್ಥೆಗೆ ಸ್ವಂತ ಡೊಮೇನ್ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಜಿಮೇಲೇ ಸಾಕು. ಆದರೆ ರಿಕವರಿ ಫೋನ್ ನಂಬರ್ ಯಾರದು ಎಂದು ನೋಡಿ. ನಮ್ಮ ಸೊಸೈಟಿಯಲ್ಲಿ ಅದು ಹಿಂದಿನ ಕಾರ್ಯದರ್ಶಿಯವರ ನಂಬರ್ ಆಗಿತ್ತು. ಅವರು ಮಗನ ಮನೆಗೆ ಪುಣೆಗೆ ಹೋಗಿದ್ದರು. ನಾನು ಲಾಗಿನ್ ಆಗಲು ಹೋದಾಗಲೆಲ್ಲ ಓಟಿಪಿ ಅವರಿಗೆ. ಅವರು ಮಧ್ಯಾಹ್ನ ಮಲಗುವವರು. ಅದು ಬದಲಾಗಲು ಮೂರು ವಾರ ಹಿಡಿಯಿತು.

ಎರಡು ಹಂತದ ಪರಿಶೀಲನೆ ಹಾಕಿದಾಗ ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಅವನ್ನು ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ, ಅಂಟಿಸಿ, ಸಂಸ್ಥೆಯ ತಿಜೋರಿಯಲ್ಲಿ ಇಡಿ. ಯಾರ ಫೋನ್ ಕಳೆದರೂ ಬಾಗಿಲು ತೆರೆಯುತ್ತದೆ.

ಸರ್ಕಾರಿ ನೌಕರರಾಗಿದ್ದರೆ ಇಲ್ಲಿ ಆಯ್ಕೆಯ ಮಾತೇ ಇಲ್ಲ. ಕಚೇರಿ ಕೆಲಸಕ್ಕೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್‌ಐಸಿ ಕೊಟ್ಟ ಸರ್ಕಾರಿ ವಿಳಾಸ ಬಳಸಿ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2ರಲ್ಲಿ ‘ಮಾಹಿತಿ’ ಎಂದರೆ ಏನೇನು ಎಂದು ಹೇಳುವಾಗ ಇಮೇಲನ್ನೂ ಹೆಸರಿಸಿ ಸೇರಿಸಿದ್ದಾರೆ. ಕಚೇರಿಯ ಮೇಲನ್ನು ಸ್ವಂತ ಜಿಮೇಲಿನಲ್ಲಿ ಇಟ್ಟುಕೊಂಡು ಕೂತರೆ, ನಾಳೆ ಅರ್ಜಿ ಬಂದಾಗ ಉತ್ತರ ಕೊಡುವವರು ನೀವೇ.

ಲೇಬಲ್: ಕಡಿಮೆ ಇದ್ದಷ್ಟೂ ಸುಖ

ಹೊಸದಾಗಿ ಲೇಬಲ್, ಅಂದರೆ ಮೇಲಿಗೆ ಅಂಟಿಸುವ ಹೆಸರಿನ ಚೀಟಿ, ಕಲಿತವರು ಐವತ್ತು ಮಾಡುತ್ತಾರೆ. ಎರಡು ತಿಂಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ನವನಗರ ನೋಡಿ. ಆಲಮಟ್ಟಿ ಹಿನ್ನೀರಿನಿಂದ ಹಳೆ ಬಾಗಲಕೋಟೆ ಬಿಟ್ಟು ಬಂದವರಿಗೆ ಕಟ್ಟಿದ ಊರು. ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಹೇಳಿದರೆ ಸಾಕು, ಆಟೋದವರು ಮನೆ ಮುಂದೆ ನಿಲ್ಲಿಸುತ್ತಾರೆ. ಹಳೆ ಊರಿನಲ್ಲಿ ‘ಅಗಸಿ ದಾಟಿ, ಬೇವಿನ ಮರದ ಬಾಜೂಕ’ ಎನ್ನಬೇಕಿತ್ತು. ಲೇಬಲ್ ನವನಗರದ ಹಾಗಿರಲಿ. ಎರಡೇ ಹಂತ: ಕೆಲಸ, ವರ್ಷ.

ಸೊಸೈಟಿ ಖಾತೆಯಲ್ಲಿ ನನ್ನವು ಇಷ್ಟೇ: ಆಡಿಟ್, ಇಲಾಖೆ, ಬ್ಯಾಂಕ್, ಸದಸ್ಯರು, ಸಭೆ. ಪ್ರತಿಯೊಂದರ ಒಳಗೆ 2024-25, 2025-26 ಹೀಗೆ. ಸೊಸೈಟಿಗೂ ವ್ಯಾಲ್ಯುಯೇಶನ್‌ಗೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ. ಕಾಲೇಜಿಗೆ ಮಾತ್ರ ಶೈಕ್ಷಣಿಕ ವರ್ಷ. ಎರಡನ್ನೂ ಬೆರೆಸಬೇಡಿ. ಮೊದಲ ವರ್ಷ ನಾನು ಬೆರೆಸಿ, ಜೂನ್ ತಿಂಗಳ ಮೇಲ್ ಯಾವ ವರ್ಷದ್ದು ಎಂದು ನನ್ನೊಡನೆ ನಾನೇ ಜಗಳ ಆಡಿದ್ದೆ.

ಜಿಮೇಲಿನ ಲೇಬಲ್ ಫೋಲ್ಡರ್ ಅಲ್ಲ, ಚೀಟಿ. ಒಂದೇ ಮೇಲಿಗೆ ಎರಡು ಚೀಟಿ ಅಂಟಿಸಬಹುದು. ಆಡಿಟರ್ ಬ್ಯಾಂಕ್ ಬಾಕಿಯ ಬಗ್ಗೆ ಬರೆದರೆ ಎರಡೂ ಲೇಬಲ್ ಹಾಕಿ. ಔಟ್‌ಲುಕ್‌ನಲ್ಲಿ ಫೋಲ್ಡರ್ ಇರುತ್ತದೆ, ಒಂದು ಮೇಲ್ ಒಂದೇ ಕಡೆ. ಅಲ್ಲಿ ಚೀಟಿಯ ಕೆಲಸಕ್ಕೆ ‘ಕೆಟಗರಿ’ ಎಂಬ ಬಣ್ಣದ ಗುರುತು ಬಳಸಿ.

ಚೀಟಿಯನ್ನು ಪ್ರತಿಸಲ ಕೈಯಿಂದ ಅಂಟಿಸಬೇಕಿಲ್ಲ. ಹುಡುಕುವ ಪೆಟ್ಟಿಗೆಯ ಬಲಗಡೆ ಗೆರೆಗೆರೆಯ ಸಣ್ಣ ಗುರುತಿದೆ. ಅದನ್ನು ಒತ್ತಿ, ಯಾರಿಂದ ಬಂದದ್ದು ಎಂಬಲ್ಲಿ ಕಳಿಸುವವರ ವಿಳಾಸ ಹಾಕಿ, ‘ಕ್ರಿಯೇಟ್ ಫಿಲ್ಟರ್’ ಒತ್ತಿ, ಲೇಬಲ್ ಆರಿಸಿ. ಹಳೆಯ ಮೇಲ್‌ಗಳಿಗೂ ಅನ್ವಯಿಸುವ ಟಿಕ್ ಕೆಳಗೇ ಇರುತ್ತದೆ, ಹಾಕಿ. ಇನ್‌ಬಾಕ್ಸ್ ದಾಟಿಸಿ ನೇರ ಲೇಬಲಿಗೆ ಕಳಿಸುವ ಆಯ್ಕೆಯೂ ಅಲ್ಲಿದೆ. ಜಾಹೀರಾತಿಗೆ ಅದು ಸರಿ. ಇಲಾಖೆ, ಬ್ಯಾಂಕ್, ತೆರಿಗೆಯ ಮೇಲಿಗೆ ಮಾತ್ರ ಬೇಡವೇ ಬೇಡ. ಕಣ್ಣಿಗೆ ಬೀಳದೆ ಒಳಗೆ ಹೋದ ನೋಟಿಸಿನ ಕೊನೆಯ ದಿನ ಕೂಡ ಕಣ್ಣಿಗೆ ಬೀಳುವುದಿಲ್ಲ.

ಕನ್ನಡದ ಮೇಲ್ ಹುಡುಕುವ ಕಷ್ಟ

‘ಸರ್ಚ್ ಇದೆಯಲ್ಲ, ಲೇಬಲ್ ಯಾಕೆ?’ ಎಂದು ಕೇಳುವವರಿಗೆ ಇಂಗ್ಲಿಷ್ ಮೇಲಿನ ಮಟ್ಟಿಗೆ ಅರ್ಧ ಒಪ್ಪುತ್ತೇನೆ. ಕನ್ನಡಕ್ಕೆ ಬಂದರೆ ಕತೆ ಬೇರೆ. ಜಿಮೇಲ್ ಇಡೀ ಪದವನ್ನು ಹುಡುಕುತ್ತದೆ, ಪದದ ತುಂಡನ್ನಲ್ಲ. ನಮ್ಮ ಭಾಷೆಯಲ್ಲಿ ಪದದ ಬಾಲಕ್ಕೆ ಪ್ರತ್ಯಯ ಅಂಟಿಕೊಂಡಿರುತ್ತದೆ. ‘ಆಡಿಟ್’ ಎಂದು ಹುಡುಕಿದರೆ ‘ಆಡಿಟ್‌ಗೆ’, ‘ಆಡಿಟಿನ’ ಎಂದಿರುವ ಮೇಲ್ ಸಿಗದೇ ಹೋಗುವುದುಂಟು.

ಇನ್ನೊಂದು ಊರ ಹೆಸರು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಬೆಲ್ಗಾಂ ಎಂದಿದ್ದದ್ದು ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಅದಕ್ಕಿಂತ ಹಿಂದಿನ ಮೇಲ್ ಹುಡುಕುವಾಗ ಹಳೆ ಹೆಸರೇ ಹಾಕಬೇಕು. ಅದಾದ ಮೇಲೂ ಎಷ್ಟೋ ಜನ ರೂಢಿಯಲ್ಲಿ ಹಳೆಯದನ್ನೇ ಬರೆದರು. ಆದ್ದರಿಂದ ಎರಡನ್ನೂ ಹಾಕಿ, ನಡುವೆ ದೊಡ್ಡ ಅಕ್ಷರದ ‘ಆರ್’ (OR) ಎಂಬ ಇಂಗ್ಲಿಷ್ ಪದ ಇಟ್ಟು ಹುಡುಕಿ.

ಮೂರನೆಯದು ನುಡಿ ಫಾಂಟಿನ ಫೈಲು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೊತ್ತಾಗುತ್ತದೆ. ಸೊಸೈಟಿಯ ಹಳೆ ಠರಾವುಗಳೆಲ್ಲ ಹೀಗೇ ಇದ್ದವು. ಕಾಪಾಡಬೇಕಾದ ಫೈಲನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿಗೆ ಪರಿವರ್ತಿಸಿ ಒಂದು ಪ್ರತಿ, ಫಾಂಟ್ ಒಳಗೊಂಡ ಪಿಡಿಎಫ್ ಒಂದು ಪ್ರತಿ ಇಡಿ. ಮೂಲ ಫೈಲನ್ನೂ ಅಳಿಸಬೇಡಿ.

ಇದಕ್ಕೆಲ್ಲ ನನ್ನ ಮದ್ದು ವಿಷಯದ ಸಾಲು. ಮೇಲ್ ಕನ್ನಡದಲ್ಲೇ ಬರೆಯಿರಿ, ಆದರೆ ವಿಷಯದ ಸಾಲಿನ ತುದಿಯಲ್ಲಿ ಒಂದು ಗುರುತು ಇಂಗ್ಲಿಷಿನಲ್ಲಿ ಹಾಕಿ: ಕೆಲಸದ ಹೆಸರು, ವರ್ಷ, ಕಡತದ ನಂಬರ್. ನನ್ನ ವ್ಯಾಲ್ಯುಯೇಶನ್ ಕೆಲಸಕ್ಕೆ ಪ್ರತಿ ಮನೆಗೂ ಒಂದು ನಂಬರ್ ಇದೆ. ಅದೇ ನಂಬರ್ ಮೇಲಿನಲ್ಲಿ, ಅದೇ ನಂಬರ್ ಕಂಪ್ಯೂಟರ್ ಫೋಲ್ಡರಿನಲ್ಲಿ, ಅದೇ ನಂಬರ್ ಕಾಗದದ ಕಡತದ ಬೆನ್ನ ಮೇಲೆ. ಯಾರಾದರೂ ಸುಮ್ನೆ ‘ಹಾಯ್’ ಎಂದು ವಿಷಯ ಬರೆದು ಉತಾರ (ಆಸ್ತಿಯ ದಾಖಲೆ) ಕಳಿಸಿದರೆ, ಉತ್ತರ ಕೊಡುವಾಗ ಆ ನಂಬರನ್ನು ಮೇಲಿನೊಳಗೆ ಬರೆದುಬಿಡುತ್ತೇನೆ. ಮುಂದೆ ಹುಡುಕಿದಾಗ ಆ ಎಳೆ ಪೂರ್ತಿ ಸಿಗುತ್ತದೆ.

ವಾಟ್ಸಾಪ್ ಬಗ್ಗೆ ಒಂದು ಮಾತು. ನಮ್ಮ ಕಡೆ ಗಿರಾಕಿ ಉತಾರ, ನಕ್ಷೆ, ಹಣ ಕೊಟ್ಟ ರಸೀದಿ ಎಲ್ಲ ವಾಟ್ಸಾಪಿನಲ್ಲೇ ಕಳಿಸುತ್ತಾರೆ. ‘ಸರ್, ಹಾಕೇನ್ರಿ, ನೋಡ್ರಿ’ ಎಂದರೆ ಮುಗಿಯಿತು. ಬೈದು ಪ್ರಯೋಜನವಿಲ್ಲ. ಕೆಲಸಕ್ಕೆ ಬೇಕಾದ ಫೈಲನ್ನು ಅವತ್ತೇ ಆ ಕುರ್ಚಿಯ ವಿಳಾಸಕ್ಕೆ ನೀವೇ ಮೇಲ್ ಮಾಡಿಕೊಳ್ಳಿ. ಮುಖ್ಯ ಮಾತುಕತೆ ಇದ್ದರೆ ಇಡೀ ಚಾಟನ್ನೇ ಎಕ್ಸ್‌ಪೋರ್ಟ್ ಮಾಡಿ ಕಳಿಸುವ ಸೌಲಭ್ಯ ಅದರಲ್ಲೇ ಇದೆ.

ದಿನದ ಕೆಲಸ

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಎರಡು ಸಲ, ಪ್ರತಿ ಖಾತೆಗೂ ಹತ್ತು ನಿಮಿಷ. ಓದಿ, ಉತ್ತರಿಸಿ, ಆರ್ಕೈವ್ ಮಾಡಿ. ಆರ್ಕೈವ್ ಎಂದರೆ ಅಳಿಸುವುದಲ್ಲ. ಇನ್‌ಬಾಕ್ಸಿನಿಂದ ಎದ್ದು ‘ಆಲ್ ಮೇಲ್’ ಎಂಬಲ್ಲಿ ಹೋಗಿ ಕೂರುತ್ತದೆ. ಅಳಿಸಿದ್ದು ಮಾತ್ರ ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಕಾಯಂ ಹೋಗುತ್ತದೆ. ಸ್ಪ್ಯಾಮ್ ಕೂಡ 30 ದಿನವೇ. ಅದಕ್ಕೇ ತಿಂಗಳಿಗೊಮ್ಮೆ ಸ್ಪ್ಯಾಮ್ ಇಣುಕಿ ನೋಡಿ. ಒಮ್ಮೆ ಬ್ಯಾಂಕಿನ ಕೆಲಸದ ಆದೇಶ ನನಗೆ ಅಲ್ಲಿ ಸಿಕ್ಕಿತ್ತು, ಲಾಟರಿಯ ಮೇಲಿನ ಪಕ್ಕದಲ್ಲಿ.

ಎಷ್ಟು ವರ್ಷ ಇಡಬೇಕು?

ನಮ್ಮ ಹಿರಿಯರು ಜೋಳವನ್ನು ಮೂರು ಕಡೆ ಇಡುತ್ತಿದ್ದರು. ಈ ವಾರದ್ದು ಅಡುಗೆಮನೆಯ ಗಡಿಗೆಯಲ್ಲಿ, ಈ ವರ್ಷದ್ದು ಚೀಲದಲ್ಲಿ, ಬರಗಾಲಕ್ಕೆಂದು ಇಟ್ಟದ್ದು ನೆಲದೊಳಗಿನ ಹಗೇವಿನಲ್ಲಿ. ಮೇಲಿಗೂ ಇದೇ ಲೆಕ್ಕ. ಇನ್‌ಬಾಕ್ಸ್ ಗಡಿಗೆ. ಲೇಬಲ್ ಹಚ್ಚಿದ ಆರ್ಕೈವ್ ಚೀಲ. ಹಗೇವಿನ ಮಾತು ಮುಂದೆ ಬರುತ್ತದೆ. ಮೊದಲು ಯಾವುದಕ್ಕೆ ಎಷ್ಟು ಆಯುಷ್ಯ ಎಂದು ನೋಡೋಣ.

ಹಣದ ಮೇಲ್‌ಗಳ ಆಯುಷ್ಯ ಕಾನೂನಿನಲ್ಲೇ ಇದೆ. ಎಂಜಿನಿಯರ್, ವಕೀಲ, ಡಾಕ್ಟರ್ ಮುಂತಾದ ವೃತ್ತಿಯವರಿಗೆ 1961ರ ಆದಾಯ ತೆರಿಗೆ ಕಾಯ್ದೆಯಡಿಯ 1962ರ ನಿಯಮಾವಳಿಯ ನಿಯಮ 6ಎಫ್ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 6 ವರ್ಷ ಇಡಬೇಕು. 2023-24ರಲ್ಲಿ ಗಳಿಸಿದ್ದರ ಅಸೆಸ್‌ಮೆಂಟ್ ವರ್ಷ 2024-25. ಅದು ಮುಗಿದದ್ದು 2025ರ ಮಾರ್ಚ್ 31ಕ್ಕೆ. ಅಲ್ಲಿಂದ 6 ವರ್ಷ ಎಂದರೆ 2031ರ ಮಾರ್ಚ್. ಕೆಲಸ ಮಾಡಿದ ದಿನದಿಂದ ಎಣಿಸಿದರೆ ಏಳೆಂಟು ವರ್ಷ ಆಯಿತಲ್ವಾ? ಜಿಎಸ್‌ಟಿ ನೋಂದಣಿ ಇದ್ದರೆ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು. ಕಂಪನಿಯ ನಿರ್ದೇಶಕರಾಗಿದ್ದರೆ 2013ರ ಕಂಪನಿ ಕಾಯ್ದೆಯಡಿ ಲೆಕ್ಕಪುಸ್ತಕಗಳಿಗೆ 8 ಹಣಕಾಸು ವರ್ಷ. ನಾನು ಇಷ್ಟೆಲ್ಲ ಗುಣಾಕಾರ ಮಾಡುವುದಿಲ್ಲ. ಹಣದ ಮೇಲ್ ಎಂದರೆ ಒಂಬತ್ತು ವರ್ಷ ಎಂದು ಬರೆದಿಟ್ಟಿದ್ದೇನೆ. ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಟಿಡಿಎಸ್ ಪತ್ರ, ಫೀ ಬಗ್ಗೆ ಆದ ಮಾತುಕತೆ ಎಲ್ಲ ಅದರಲ್ಲೇ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಲೆಕ್ಕಕ್ಕೆ ಬರುವುದರಿಂದ ಮುಂದಿನ ವರ್ಷಗಳ ವಿಚಾರ ನಿಮ್ಮ ಸಿಎ ಬಳಿ ಒಮ್ಮೆ ಕೇಳಿಕೊಳ್ಳಿ.

ಕರಾರಿನ ಜಗಳಕ್ಕೆ 1963ರ ಲಿಮಿಟೇಶನ್ ಕಾಯ್ದೆಯಲ್ಲಿ ಸಾಮಾನ್ಯವಾಗಿ 3 ವರ್ಷ. ಆದರೆ ಕಟ್ಟಡದ ವಿಷಯದಲ್ಲಿ 3 ವರ್ಷ ಎಂಬುದು ನನಗೆ ಧೈರ್ಯ ಕೊಡುವುದಿಲ್ಲ. ಇಲ್ಲಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಗೋಡೆ ಐದನೇ ವರ್ಷ ಸೀಳಬಹುದು. ‘ಪಾಯ ಇನ್ನಷ್ಟು ಆಳ ತೆಗೆಯಿರಿ’ ಎಂದು ನಾನು ಬರೆದದ್ದು, ‘ಬ್ಯಾಡ್ರಿ, ಖರ್ಚು ಜಾಸ್ತಿ’ ಎಂದು ಮನೆಯವರು ಉತ್ತರಿಸಿದ್ದು ಇರುವ ಮೇಲನ್ನು ನಾನು ಸಾಯುವವರೆಗೂ ಇಡುತ್ತೇನೆ.

ಕಾಲೇಜಿನ ಮೇಲಿಗೆ ನ್ಯಾಕ್ ಲೆಕ್ಕ ಹಿಡಿಯಿರಿ. ಹಿಂದಿನ ಐದು ವರ್ಷದ ದಾಖಲೆ ಕೇಳುವುದು ರೂಢಿ. ಹಾಗಾಗಿ ಕಾರ್ಯಕ್ರಮದ ವರದಿ, ಆಹ್ವಾನ, ಒಪ್ಪಂದ, ವಿದ್ಯಾರ್ಥಿಗಳ ಪ್ರಾಜೆಕ್ಟ್ ಪತ್ರಗಳು ಏಳು ವರ್ಷ. ಬೆಳಗಾವಿಯ ಜ್ಞಾನಸಂಗಮದಿಂದ, ಅಂದರೆ ವಿಟಿಯು ತಾಂತ್ರಿಕ ವಿಶ್ವವಿದ್ಯಾಲಯದಿಂದ ಬರುವ ಸುತ್ತೋಲೆಗಳಿಗೆ ಇಷ್ಟು ಬೇಡ. ಹೊಸ ಸುತ್ತೋಲೆ ಬಂದರೆ ಹಳೆಯದು ಅಪ್ರಸ್ತುತ. ಪರೀಕ್ಷೆ, ಪ್ರಶ್ನೆಪತ್ರಿಕೆಯ ಗುಟ್ಟಿನ ಮೇಲುಗಳನ್ನು ಮಾತ್ರ ಅವರು ಹೇಳಿದ ಹಾಗೇ ಇಡಿ ಅಥವಾ ಅಳಿಸಿ. ಪ್ರತಿ ಮಾಡಿ ಬೇರೆಡೆ ಇಡಬೇಡಿ.

ನೇಮಕ, ಬಡ್ತಿ, ಪಿಎಫ್, ಸೇವಾ ದಾಖಲೆ ಇವು ಕಾಯಂ. ಸೊಸೈಟಿಯ ನೋಂದಣಿ, ಉಪವಿಧಿ ತಿದ್ದುಪಡಿ, ಆಸ್ತಿ ಖರೀದಿ ಇವೂ ಕಾಯಂ. ಸರ್ಕಾರಿ ಕಚೇರಿಗಳಲ್ಲಿ ಕಡತವನ್ನು ಎ, ಬಿ, ಸಿ ಮುಂತಾಗಿ ವರ್ಗ ಮಾಡುತ್ತಾರೆ, ಎ ಎಂದರೆ ಶಾಶ್ವತ. ಅಲ್ಲಿ ಇರುವವರು ಮೇಲನ್ನು ಆ ಕಡತದ ವರ್ಗಕ್ಕೇ ಸೇರಿಸಿದರಾಯಿತು.

ಉಳಿದದ್ದು? ‘ಸಭೆ 4 ಗಂಟೆಗೆ’, ‘ಸಭೆ 5 ಗಂಟೆಗೆ ಮುಂದೂಡಿದೆ’, ಹಬ್ಬದ ಶುಭಾಶಯ, ಓಟಿಪಿ, ಜಾಹೀರಾತು. ಅಳಿಸಿ. ಇದರಲ್ಲಿ ಕರುಣೆ ಬೇಡ.

ಜಾಗ ತುಂಬಿದಾಗ

ಜಿಮೇಲ್ ಪುಕ್ಕಟೆ ಕೊಡುವುದು 15 ಜಿಬಿ. ಅದು ಮೇಲಿಗೆ ಮಾತ್ರವಲ್ಲ, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ, ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಮದುವೆಯ ವಿಡಿಯೋಗಳು ಡ್ರೈವಿನಲ್ಲಿ ಕೂತು ಆಡಿಟರ ಮೇಲನ್ನು ಬಾಗಿಲಿನಿಂದಲೇ ಓಡಿಸಬಾರದು. ಕೆಲಸದ ಖಾತೆಯಲ್ಲಿ ಫೋಟೋ ಬ್ಯಾಕಪ್ ಆಫ್ ಮಾಡಿ.

ಜಾಗ ಮಾಡಲು ಅದೇ ಗೆರೆಗೆರೆಯ ಗುರುತು ಒತ್ತಿ ಗಾತ್ರದ ಜಾಗದಲ್ಲಿ 10 ಎಂಬಿಗಿಂತ ದೊಡ್ಡದು ಎಂದು ಹಾಕಿ ಹುಡುಕಿ. ಒಂದೇ ನಕ್ಷೆ ಏಳು ಸಲ ತಿದ್ದುಪಡಿಯಾಗಿ ಬಂದಿರುತ್ತದೆ. ಕೊನೆಯದು ಇಟ್ಟು ಉಳಿದದ್ದು ಅಳಿಸಬಹುದು ಅನ್ನಿಸುತ್ತದೆ. ನಾನಾದರೆ ಮೊದಲನೆಯದನ್ನೂ ಇಡುತ್ತೇನೆ. ಯಾರು ಏನು ಬದಲಿಸಿದರು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಬಳಸದ ಖಾತೆಯ ಬಗ್ಗೆಯೂ ಎಚ್ಚರ. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಗೂಗಲ್ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಶುರು ಮಾಡಿತು. ವರ್ಷಕ್ಕೊಮ್ಮೆ ಗಣೇಶ ಹಬ್ಬಕ್ಕೆ ಮಾತ್ರ ಎಚ್ಚರಗೊಳ್ಳುವ ಸಂಘಗಳಿದ್ದರೆ, ಪಟ್ಟಿ ಹಾಕುವಾಗ ಮೇಲನ್ನೂ ಒಮ್ಮೆ ತೆರೆಯಿರಿ.

ಹಗೇವು

ವರ್ಷಕ್ಕೊಮ್ಮೆ, ಏಪ್ರಿಲ್ ಮೊದಲ ಭಾನುವಾರ, ನಾನು ಹಗೇವು ತುಂಬುತ್ತೇನೆ. ಗೂಗಲ್ ಟೇಕೌಟ್ ಎಂಬ ಸೇವೆ ತೆರೆಯಿರಿ. ಮೊದಲು ಎಲ್ಲ ಟಿಕ್ ತೆಗೆದು ಮೇಲ್ ಒಂದಕ್ಕೇ ಟಿಕ್ ಹಾಕಿ. ಬೇಕಾದ ಲೇಬಲ್ ಮಾತ್ರ ಆರಿಸುವ ಸೌಲಭ್ಯವೂ ಇದೆ. ಲೇಬಲ್‌ಗೆ ವರ್ಷ ಹಾಕಿದ್ದರ ಲಾಭ ಇಲ್ಲಿ ಗೊತ್ತಾಗುತ್ತದೆ: ಆ ವರ್ಷದ್ದಷ್ಟೇ ಇಳಿಸಿಕೊಂಡರೆ ಸಾಕು. ಕೋರಿಕೆ ಕೊಟ್ಟು ಎದ್ದು ಹೋಗಿ. ತಯಾರಾದಾಗ ಲಿಂಕ್ ಮೇಲಿಗೆ ಬರುತ್ತದೆ. ಅದು ಒಂದು ವಾರ ಮಾತ್ರ ಇರುತ್ತದೆ, ಮರೆಯಬೇಡಿ. ಒಳಗೆ ‘ಎಂಬಾಕ್ಸ್’ ಎಂಬ ಬಗೆಯ ಫೈಲ್ ಸಿಗುತ್ತದೆ. ಡಬಲ್ ಕ್ಲಿಕ್ ಮಾಡಿದರೆ ತೆರೆಯುವುದಿಲ್ಲ. ಥಂಡರ್‌ಬರ್ಡ್ ಎಂಬ ಪುಕ್ಕಟೆ ಮೇಲ್ ತಂತ್ರಾಂಶ ಹಾಕಿಕೊಂಡು, ಅದಕ್ಕೆ ಇಂಪೋರ್ಟ್ ಮಾಡುವ ಆಡ್‌ಆನ್ ಸೇರಿಸಿ, ‘ಲೋಕಲ್ ಫೋಲ್ಡರ್ಸ್’ ಒಳಗೆ ತಂದುಕೊಳ್ಳಿ. ಇಂಟರ್‌ನೆಟ್ ಇಲ್ಲದಿದ್ದರೂ ಓದಬಹುದು, ಹುಡುಕಬಹುದು. ಸಂಸ್ಥೆಯ ಖಾತೆಯಲ್ಲಿ ಟೇಕೌಟ್ ಮುಚ್ಚಿರಬಹುದು. ಆಗ ಅಡ್ಮಿನ್ ಅವರನ್ನೇ ಕೇಳಬೇಕು.

ಎರಡು ಬಾಹ್ಯ ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇಡಿ. ಒಂದು ಮನೆಯಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಪೆನ್‌ಡ್ರೈವ್ ನಂಬಬೇಡಿ, ಅದು ಕಳೆಯುವುದಕ್ಕೇ ಹುಟ್ಟಿದ್ದು. ಹಗೇವು ತೆಗೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು ಎನ್ನುತ್ತಿದ್ದರು. ಇಲ್ಲಿ ಅದಕ್ಕೆ ತದ್ವಿರುದ್ಧ. ಮುಚ್ಚುವ ಮೊದಲು ಒಮ್ಮೆ ಇಳಿದು ನೋಡಿ. ಯಾವುದಾದರೂ ಐದು ಮೇಲ್ ತೆರೆಯಿರಿ, ಅಟ್ಯಾಚ್‌ಮೆಂಟ್ ತೆರೆಯುತ್ತದೆಯೇ ಪರೀಕ್ಷಿಸಿ. ಅದಾಗುವವರೆಗೆ ಜಿಮೇಲಿನಲ್ಲಿ ಒಂದೂ ಅಳಿಸಬೇಡಿ.

‘ಪ್ರಿಂಟ್ ತೆಗೆದು ಫೈಲ್ ಮಾಡಿದ್ದೇವಲ್ಲ’ ಎಂದು ನಮ್ಮ ಸೊಸೈಟಿಯ ಗುಮಾಸ್ತರು ಹೇಳುತ್ತಾರೆ. ಪ್ರಿಂಟ್ ಒಳ್ಳೆಯದೇ. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 7 ಎಲೆಕ್ಟ್ರಾನಿಕ್ ದಾಖಲೆ ಇಡುವ ಬಗೆ ಹೇಳುತ್ತದೆ. ಮುಂದೆ ನೋಡಲು ಸಿಗಬೇಕು. ಮೂಲ ರೂಪದಲ್ಲಿ ಅಥವಾ ಅದನ್ನೇ ಸರಿಯಾಗಿ ತೋರಿಸುವ ರೂಪದಲ್ಲಿರಬೇಕು. ಎಲ್ಲಿಂದ, ಎಲ್ಲಿಗೆ, ಯಾವಾಗ ಎಂಬ ವಿವರ ಇರಬೇಕು. ಪ್ರಿಂಟಿನಲ್ಲಿ ಮೇಲಿನ ಪೂರ್ತಿ ಹೆಡರ್, ಅಂದರೆ ಅದು ಬಂದ ದಾರಿಯ ವಿವರ, ಬರುವುದಿಲ್ಲ. ಅದಕ್ಕೆ ಮುಖ್ಯ ಮೇಲನ್ನು ತೆರೆದು, ಮೂರು ಚುಕ್ಕಿ ಒತ್ತಿ, ‘ಡೌನ್‌ಲೋಡ್ ಮೆಸೇಜ್’ ಎಂದು ಇಎಂಎಲ್ ಫೈಲಾಗಿ ಇಳಿಸಿಡಿ. ಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಲ್ಲಿದೆ, ಮೊದಲು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಎನ್ನುತ್ತಿದ್ದರು. ಮುಂದಿನದು ವಕೀಲರ ಕೆಲಸ.

ಕಾಗದದ ಬೆಲೆ ನಮ್ಮ ಊರಿನವರಿಗೆ ಬೇರೆ ಹೇಳಬೇಕಿಲ್ಲ. ಹಿನ್ನೀರು ಬರುವ ಮುಂಚೆ ಮನೆ ಖಾಲಿ ಮಾಡುವಾಗ ನಮ್ಮಪ್ಪ ಹೇಳಿದ್ದು ಒಂದೇ: ‘ಟ್ರಂಕ್ ಮೊದ್ಲ ಏರಸ್ರಿ, ಭಾಂಡಿ ಆಮ್ಯಾಲೆ.’ ಟ್ರಂಕಿನಲ್ಲಿ ಮುಳುಗಡೆ ನೋಟಿಸು, ಉತಾರ, ಪರಿಹಾರದ ಕಾಗದ ಇದ್ದವು.

ಕುರ್ಚಿ ಬಿಡುವ ದಿನ

ಬಿಡುವ ದಿನಕ್ಕೆ ಒಂದು ತಿಂಗಳ ಮೊದಲೇ ಶುರು ಮಾಡಿ. ನಿಮಗೆ ಸೇರಿದ್ದನ್ನು ಮಾತ್ರ ತೆಗೆದುಕೊಳ್ಳಿ: ನಿಮ್ಮ ಲೇಖನದ ಒಪ್ಪಿಗೆ ಪತ್ರ, ಸೇವಾ ಆದೇಶ, ಪ್ರಶಂಸೆ, ಪಿಎಫ್. ಸಂಸ್ಥೆಗೆ ಒಂದು ಮಾತು ತಿಳಿಸಿ, ಒಪ್ಪಿಗೆಯನ್ನು ಮೇಲಿನಲ್ಲೇ ಪಡೆಯಿರಿ. ವಿದ್ಯಾರ್ಥಿಗಳ ಅಂಕಪಟ್ಟಿ, ಸಾಲಗಾರರ ಆಧಾರ್ ಪ್ರತಿ, ರೋಗಿಯ ವರದಿ ಇವನ್ನು ನಿಮ್ಮ ಸ್ವಂತ ಖಾತೆಗೆ ಒಯ್ಯಬೇಡಿ. ಅವು ಬೇರೆಯವರ ಮನೆಯ ಸಾಮಾನು.

ಎಲ್ಲೆಲ್ಲಿ ಆ ವಿಳಾಸ ಕೊಟ್ಟಿದ್ದೀರಿ ನೋಡಿ. ಸಂಶೋಧಕರ ಪ್ರೊಫೈಲ್, ಬ್ಯಾಂಕ್, ಆದಾಯ ತೆರಿಗೆ ಪೋರ್ಟಲ್, ಎಲ್ಲೆಡೆ ಸ್ವಂತ ವಿಳಾಸಕ್ಕೆ ಬದಲಿಸಿ. ಇದನ್ನು ಮರೆತು ಕಷ್ಟಪಟ್ಟವರು ಬಹಳ. ಪಾಸ್‌ವರ್ಡ್ ಬದಲಿಸುವ ಲಿಂಕ್ ಸತ್ತ ಖಾತೆಗೇ ಹೋಗುತ್ತಿರುತ್ತದೆ.

ಮುಂದೆ ಬರುವವರಿಗೆ ಒಂದೇ ಪುಟದ ಟಿಪ್ಪಣಿ ಬರೆಯಿರಿ. ಲೇಬಲ್ ಯಾವುವು, ಬಾಕಿ ಇರುವ ಪತ್ರ ಯಾವುದು, ಯಾರ ಉತ್ತರ ಬರಬೇಕು, ಹಾರ್ಡ್ ಡಿಸ್ಕ್ ಎಲ್ಲಿದೆ. ಆಮೇಲೆ ಇಬ್ಬರೂ ಒಂದೇ ಕಂಪ್ಯೂಟರ್ ಮುಂದೆ ಕೂರಿ. ಅವರ ಫೋನ್ ನಂಬರ್ ರಿಕವರಿಗೆ ಸೇರಿಸಿ, ನಿಮ್ಮದನ್ನು ತೆಗೆಯಿರಿ. ಹಳೆಯ ಬ್ಯಾಕಪ್ ಕೋಡ್ ರದ್ದು ಮಾಡಿ ಹೊಸದು ತೆಗೆದು ಲಕೋಟೆ ಬದಲಿಸಿ. ಎಲ್ಲ ಸಾಧನಗಳಿಂದ ಲಾಗೌಟ್ ಆಗಿ. ಕೊನೆಗೆ ಪಾಸ್‌ವರ್ಡ್ ಅವರೇ ಬದಲಿಸಲಿ. ಟೈಪ್ ಮಾಡುವಾಗ ನೀವು ಎದ್ದು ಚಹಾ ತರಲು ಹೋಗಿ.